ಬಿಯರ್ ಕಿಟ್ ಸಿಕ್ಕಿತು, ಅನುಮತಿ ಸಿಕ್ಕಿತಾ?

ಪ್ರಶ್ನೆ: ಬಿಯರ್ ಮಾಡುವ ಕಿಟ್ ಆನ್‌ಲೈನಲ್ಲಿ ರಾಜಾರೋಷವಾಗಿ ಮಾರುತ್ತಾರೆ. ಮನೆಯಲ್ಲೇ 20 ಲೀಟರ್ ಮಾಡಿ ಗೆಳೆಯರ ಜೊತೆ ಕುಡಿಯುವ ಆಸೆ. ಒಂದು ಬಾಟಲಿಯನ್ನೂ ಮಾರುವುದಿಲ್ಲ. ಇದಕ್ಕೂ ಲೈಸೆನ್ಸ್ ಬೇಕಾ?

ಉತ್ತರ: ಕಿಟ್ ಮಾರಬಹುದು ಅಂದ ಮಾತ್ರಕ್ಕೆ ಬಿಯರ್ ಮಾಡಬಹುದು ಅಂತ ಅರ್ಥವಲ್ಲ. ಡಬ್ಬಿಯಲ್ಲಿರುವುದು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ), ಹಾಪ್ಸ್ (ಕಹಿ ರುಚಿ ಕೊಡುವ ಹೂವು), ಯೀಸ್ಟ್. ಮೂರೂ ಬರೀ ಆಹಾರ ಪದಾರ್ಥ. ಮಾಲ್ಟ್ ನೀರಿಗೆ ಯೀಸ್ಟ್ ಬಿದ್ದು, ಅದು ಸಕ್ಕರೆ ತಿಂದು ಆಲ್ಕೋಹಾಲ್ ಬಿಡಲು ಶುರು ಮಾಡಿದ ಮೇಲೆಯೇ ಕಾನೂನಿನ ಕಣ್ಣಿಗೆ ಅದು ಮದ್ಯ ಆಗುವುದು.

‘ನಾನು ಮಾರಲ್ಲ’ ಅನ್ನುವ ಸಮಾಧಾನವೂ ಎಲ್ಲ ಕಡೆ ನಡೆಯುವುದಿಲ್ಲ. ಎಷ್ಟೋ ಅಬಕಾರಿ ಕಾನೂನುಗಳು ಮಾರಾಟಕ್ಕೂ ಮೊದಲು ತಯಾರಿಕೆಯನ್ನೇ ಹಿಡಿಯುತ್ತವೆ. ಜಪಾನಿನಲ್ಲಿ ಆಲ್ಕೋಹಾಲ್ ಶೇ 1 ಮುಟ್ಟಿದರೆ ಅದು ಮದ್ಯ. ಲೈಸೆನ್ಸ್ ಇಲ್ಲದೆ ಮನೆಯಲ್ಲೂ ಮಾಡುವಂತಿಲ್ಲ. ಅಲ್ಲೂ ಕಿಟ್ ಸಿಗುತ್ತದೆ. ಆದರೆ ಶೇ 1ಕ್ಕಿಂತ ಕಡಿಮೆ ಇರುವಂತೆ ಮಾಡಿಕೊಳ್ಳಿ ಅಂತ ಸೂಚನೆ ಇರುತ್ತದೆ.

ಇದರ ಹಿಂದೆ ಇರುವುದು ಕುಡಿತದ ಚಿಂತೆ ಮಾತ್ರ ಅಲ್ಲ, ತೆರಿಗೆಯ ಲೆಕ್ಕವೂ ಹೌದು. ಬ್ರಿಟನ್ 1880ರಲ್ಲಿ ಮಾಲ್ಟ್ ಮೇಲಿನ ತೆರಿಗೆ ತೆಗೆದು ಬಿಯರ್ ಮೇಲೆ ಹಾಕಿತು. ಆಗಿನಿಂದ ಮನೆಯಲ್ಲಿ ಮಾಡುವವರಿಗೂ ಲೈಸೆನ್ಸ್ ಬಂತು. ಅದು ಹೋಗಲು 1963ರವರೆಗೆ ಕಾಯಬೇಕಾಯಿತು. ಅಮೆರಿಕದ್ದು ಇನ್ನೊಂದು ಕಥೆ. 1933ರಲ್ಲಿ ಪಾನನಿಷೇಧ ಮುಗಿದಾಗ ಮನೆಯ ವೈನ್‌ಗೆ ಜಾಗ ಸಿಕ್ಕಿತು, ಬಿಯರ್ ಬಿಟ್ಟುಹೋಯಿತು. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಮೇಲೆ ಅದು ಸರಿಹೋಯಿತು. ಒಬ್ಬ ವಯಸ್ಕ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್. ಇಬ್ಬರು ಅಥವಾ ಜಾಸ್ತಿ ಜನ ಇದ್ದರೆ 200 ಗ್ಯಾಲನ್. ಹಾಗಂತ ಎಲ್ಲ ರಾಜ್ಯಗಳೂ ಒಪ್ಪಿಕೊಳ್ಳಲಿಲ್ಲ. ಅಲಬಾಮಾ ಮತ್ತು ಮಿಸಿಸಿಪ್ಪಿಯಲ್ಲಿ 2013ರವರೆಗೂ ಮನೆ ಬಿಯರ್ ಕಾನೂನುಬಾಹಿರವಾಗಿಯೇ ಇತ್ತು. ಹಾಗಾಗಿ ದೇಶದ ಕಾನೂನು ಒಂದನ್ನೇ ಓದಿ ನಿಲ್ಲಿಸಬೇಡಿ. ರಾಜ್ಯದ್ದನ್ನೂ ನೋಡಿ.

ನೀವಿರುವ ಕಡೆಯ ಕಾನೂನಿನಲ್ಲಿ ‘ತಯಾರಿಕೆ’ ಎಂಬ ಪದದ ವ್ಯಾಖ್ಯೆ ಹುಡುಕಿ. ಆಮೇಲೆ ಸ್ವಂತ ಬಳಕೆಗೆ ವಿನಾಯಿತಿ ಇದೆಯಾ, ಇದ್ದರೆ ಎಷ್ಟು ಲೀಟರಿಗೆ, ಮನೆಯಿಂದ ಹೊರಗೆ ಒಯ್ಯಬಹುದಾ ಅಂತ ನೋಡಿ. ಗೆಳೆಯರಿಂದ ‘ಖರ್ಚಿನ ಪಾಲು’ ಅಂತ ಹಣ ತೆಗೆದುಕೊಂಡರೂ ಅದನ್ನು ಮಾರಾಟ ಅನ್ನಬಹುದು, ಎಚ್ಚರ. ಅನುಮಾನ ಇದ್ದರೆ ಅಬಕಾರಿ ಕಚೇರಿಗೆ ಬರೆದು, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ವಿನಾಯಿತಿ ಇಲ್ಲ ಅಂತಾದರೆ ಶುರು ಮಾಡಲೇಬೇಡಿ. ಸಿಕ್ಕಿಬೀಳಲ್ಲ ಅನ್ನುವ ಧೈರ್ಯದ ಮೇಲೆ ಹವ್ಯಾಸ ಕಟ್ಟಬಾರದು.

ಪ್ರಶ್ನೆ: ನಾನಿರುವ ಕಡೆ ಮನೆ ಬಿಯರ್‌ಗೆ ಅನುಮತಿ ಇದೆ. ಏರ್‌ಲಾಕ್‌ನಲ್ಲಿ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಪುಟ್ಟ ಕೊಳವೆ) ಗುಳ್ಳೆ ನಿಂತಿತು ಅಂತ ಏಳನೇ ದಿನ ಬಾಟಲಿಗೆ ತುಂಬಿಸಿದೆ. ಬಾಟಲಿಯಲ್ಲಿ ಗ್ಯಾಸ್ ಬರಲಿ ಅಂತ ಲೀಟರಿಗೆ 6 ಗ್ರಾಂ ಸಕ್ಕರೆ ಹಾಕಿದ್ದೆ. ನಿನ್ನೆ ರಾತ್ರಿ ಎರಡು ಬಾಟಲಿ ಸಿಡಿದವು. ಸಕ್ಕರೆ ಜಾಸ್ತಿ ಆಯಿತಾ?

ಉತ್ತರ: ಮೊದಲು ಉಳಿದ ಬಾಟಲಿಗಳ ಹತ್ತಿರ ಯಾರೂ ಸುಳಿಯದಂತೆ ನೋಡಿಕೊಳ್ಳಿ. ದಪ್ಪ ಗ್ಲೌಸ್, ಕಣ್ಣಿಗೆ ರಕ್ಷಣೆ ಹಾಕಿಕೊಂಡೇ ಮುಟ್ಟಿ. ಫ್ರಿಜ್‌ನಲ್ಲಿ ಚೆನ್ನಾಗಿ ತಣ್ಣಗಾದ ಮೇಲೆ, ಮೇಲೊಂದು ದಪ್ಪ ಬಟ್ಟೆ ಸುತ್ತಿ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ.

ಸಕ್ಕರೆಯ ಅಳತೆ ಸರಿಯಾಗಿಯೇ ಇದೆ. ಗುಳ್ಳೆಯನ್ನು ನಂಬಿದ್ದೇ ತಪ್ಪು. ಕೋಣೆ ತಣ್ಣಗಾದರೆ, ಬಿಯರ್ ಹುದುಗುವ ಡಬ್ಬದ ಮುಚ್ಚಳ ಸ್ವಲ್ಪ ಸಡಿಲ ಇದ್ದರೆ, ಒಳಗೆ ಯೀಸ್ಟ್ ಇನ್ನೂ ಕೆಲಸ ಮಾಡುತ್ತಿದ್ದರೂ ಗುಳ್ಳೆ ಕಾಣುವುದಿಲ್ಲ. ಬೇಕಾಗಿರುವುದು ಹೈಡ್ರೋಮೀಟರ್, ಅಂದರೆ ದ್ರವದ ಸಾಂದ್ರತೆ ತೋರಿಸುವ ತೇಲುವ ಗಾಜಿನ ಅಳತೆಗೋಲು. ಬರೀ ನೀರಿಗೆ ಅದು 1.000 ತೋರಿಸುತ್ತದೆ, ಸಕ್ಕರೆ ಜಾಸ್ತಿ ಇದ್ದಷ್ಟೂ ಅಂಕಿ ಜಾಸ್ತಿ. ಉದ್ದನೆಯ ಗಾಜಿನ ಕೊಳವೆಗೆ ಬಿಯರ್ ಹಾಕಿ, ಹೈಡ್ರೋಮೀಟರನ್ನು ಇಳಿಬಿಟ್ಟು, ಬೆರಳಲ್ಲಿ ಒಮ್ಮೆ ತಿರುಗಿಸಿ. ಅಂಟಿಕೊಂಡ ಗುಳ್ಳೆಗಳು ಉದುರುತ್ತವೆ. ಅದು ನಿಂತ ಮೇಲೆ ಬಗ್ಗಿ, ಕಣ್ಣನ್ನು ಬಿಯರ್ ಮಟ್ಟಕ್ಕೆ ತಂದು ಓದಿ.

1.050ರಿಂದ ಶುರುವಾದ ಬಿಯರ್ 1.010ರ ಹತ್ತಿರ ನಿಲ್ಲಬೇಕಿತ್ತು ಅಂತಿಟ್ಟುಕೊಳ್ಳಿ. ಆಗ ಆಲ್ಕೋಹಾಲ್ ಸುಮಾರು ಶೇ 5. ನೀವು 1.020ರಲ್ಲೇ ತುಂಬಿಸಿದ್ದರೆ, ಲೀಟರಿಗೆ ಇನ್ನೂ ಸುಮಾರು 20 ಗ್ರಾಂ ಸಕ್ಕರೆ ಒಳಗೇ ಉಳಿದಿರುತ್ತದೆ. ನೀವು ಹಾಕಿದ್ದರ ಮೂರು ಪಟ್ಟು! ಅಷ್ಟರ ಅರ್ಧದಷ್ಟು ತೂಕ ಗ್ಯಾಸ್ ಆಗುತ್ತದೆ. ಹೋಗಲು ದಾರಿ ಇಲ್ಲ, ಬಾಟಲಿ ಸಿಡಿಯದೆ ಏನು ಮಾಡುತ್ತದೆ? ಮೂರು ದಿನ ಬಿಟ್ಟು ನೋಡಿದರೂ ಅದೇ ಅಂಕಿ ಬಂದರೆ, ಅದು ನೀವು ಎಣಿಸಿದ ಮಟ್ಟಕ್ಕೂ ಹತ್ತಿರ ಇದ್ದರೆ, ಆಗ ತುಂಬಿಸಿ. ಬಿಯರ್‌ಗೆಂದೇ ಮಾಡಿದ ಗಟ್ಟಿ ಬಾಟಲಿಯೇ ಆಗಬೇಕು. ಚಂದದ ತೆಳು ಗಾಜು ಬೇಡವೇ ಬೇಡ.

ಪ್ರಶ್ನೆ: ಅದೇ ಬಿಯರನ್ನು ಭಟ್ಟಿ ಇಳಿಸಿ ಸ್ವಲ್ಪ ಸ್ಟ್ರಾಂಗ್ ಮಾಡಿಕೊಳ್ಳಬಹುದಾ?

ಉತ್ತರ: ಬೇಡ. ಬಿಯರ್‌ಗೆ ಸಿಕ್ಕ ವಿನಾಯಿತಿ ಭಟ್ಟಿಗೆ ತಾನಾಗಿ ಬರುವುದಿಲ್ಲ. ಮನೆ ಬಿಯರನ್ನು ಒಪ್ಪಿದ ಅಮೆರಿಕದ ಕಾನೂನು, ಮನೆಯಲ್ಲಿ ಭಟ್ಟಿ ಇಳಿಸುವುದನ್ನು ದೊಡ್ಡ ಅಪರಾಧ ಅಂತಲೇ ಬರೆದಿಟ್ಟಿದೆ. 1996ರಿಂದ ಸ್ವಂತ ಬಳಕೆಗೆ ಬಿಟ್ಟಿರುವ ನ್ಯೂಜಿಲೆಂಡ್‌ನಂಥ ದೇಶಗಳು ತೀರಾ ಕಡಿಮೆ. ಕಾನೂನು ಪಕ್ಕಕ್ಕಿಟ್ಟರೂ, ಸೋರಿದ ಆಲ್ಕೋಹಾಲ್ ಆವಿ ಅಡುಗೆ ಮನೆಯ ಒಲೆಗೆ ತಗುಲಿದರೆ ಬೆಂಕಿ ಹೊತ್ತಿಕೊಳ್ಳಲು ಒಂದು ಕ್ಷಣ ಸಾಕು. ಸ್ಟ್ರಾಂಗ್ ಬಿಯರೇ ಬೇಕಿದ್ದರೆ ಮುಂದಿನ ಸಲ ಮಾಲ್ಟ್ ಜಾಸ್ತಿ ಹಾಕಿ, ಅದನ್ನು ತಡೆದುಕೊಳ್ಳುವ ಯೀಸ್ಟ್ ಆರಿಸಿ, ಇನ್ನೆರಡು ವಾರ ಹೆಚ್ಚು ಕಾಯಿರಿ.