ಪ್ರತಿಕ್ರಿಯೆ: ಇಂಡಿ ತಾಲ್ಲೂಕಿನ ಜೋಳ, ರೇಡಿಯಂ ಅಂಕಿಗಳ ಏರುಪೇರು

ಒಂದೇ ಹೊಲದ ಜೋಳದಲ್ಲಿ ಮಣ್ಣಿಂದ ಗಿಡಕ್ಕೆ ಹೋದ ರೇಡಿಯಂ-226ರ (ಮಣ್ಣಲ್ಲಿ ಸಹಜವಾಗೇ ಇರುವ ವಿಕಿರಣ ವಸ್ತು) ಅನುಪಾತ ಹತ್ತು ಪಟ್ಟು ಏರುಪೇರಾಗಿದೆ, ಯಾಕೆ ಅಂತ ಕೇಳಿದ್ದೀರಿ. ಬಹುಶಃ ಎಲೆಗಂಟಿದ ಎರೆಮಣ್ಣಿನ ಧೂಳೇ ಕಾರಣ. ಗಿಡ ರೇಡಿಯಂ ಎಳೆದುಕೊಳ್ಳುವುದೇ ಕಡಿಮೆ, ಹಾಗಾಗಿ ಎಲೆಬುಡದ ಸಂದಿಯಲ್ಲಿ ಕೂತ ಚಿಟಿಕೆ ಮಣ್ಣು ಸಾಕು, ಇಡೀ ಲೆಕ್ಕ ಕೆಡುತ್ತೆ. ಮೊದಲು ಸಂದಿ ಬಿಡಿಸಿ ಚೆನ್ನಾಗಿ ತೊಳೆಯಿರಿ, ಕೊನೆಗೆ ಡಿಸ್ಟಿಲ್ಡ್ ನೀರಿನಲ್ಲಿ. ಆಮೇಲೆ ಗಿಡ, ಮಣ್ಣು ಎರಡನ್ನೂ ಒಣಗಿಸಿಯೇ ತೂಗಿ. ಮಣ್ಣನ್ನು ಆ ಗಿಡದ ಬುಡದಲ್ಲೇ 20 ಸೆಂ.ಮೀ. ಆಳದವರೆಗೆ ತೆಗೆಯಿರಿ, ಬದುವಿನದು ಬೇಡ. ಗಾಮಾ ಎಣಿಕೆಗೆ (ಮಾದರಿಯಿಂದ ಹೊರಡುವ ಗಾಮಾ ಕಿರಣ ಎಣಿಸಿ ರೇಡಿಯಂ ಅಳೆಯುವುದು) ಮುಂಚೆ ಮಾದರಿಯ ಡಬ್ಬಿ ಬಿಗಿಯಾಗಿ ಮುಚ್ಚಿ ನಾಲ್ಕು ವಾರ ಇಡಿ, ರೇಡಿಯಂನಿಂದ ಹುಟ್ಟುವ ರೇಡಾನ್ ಅನಿಲ ಸೋರಿದರೆ ಅಂಕಿ ಇಳಿಯುತ್ತೆ. ನೀವು ಎಷ್ಟು ದಿನ ಇಟ್ಟಿದ್ರಿ ಅಂತ ಬರೆದಿಲ್ಲ, ಅಲ್ಲೂ ತಪ್ಪಿರಬಹುದು. ಹಳೆಯ ಅಂಕಿ ಎಸೀಬೇಡಿ, 'ತೊಳೆಯದ್ದು' ಅಂತ ಗುರುತು ಹಾಕಿ. ದನ ಕಣಿಕೆ ತಿನ್ನೋದು ಧೂಳು ಸಮೇತ ಅಲ್ವಾ, ದನದ ಹೊಟ್ಟೆಗೆ ಎಷ್ಟು ರೇಡಿಯಂ ಹೋಗುತ್ತೆ ಅನ್ನೋ ಲೆಕ್ಕಕ್ಕೆ ಆ ಅಂಕಿಯೇ ಬೇಕು.