ಮ್ಯಾಕ್ರೋದಲ್ಲಿ 9 ಬಂತು, ಅಪ್ಪನಿಗೆ 24 ಎಂದೆ

ಪ್ರಶ್ನೆ: ನಾನು ಬಿಎ ಅರ್ಥಶಾಸ್ತ್ರ, ಮೂರನೇ ಸೆಮಿಸ್ಟರ್. ಪಿಯುಸಿವರೆಗೆ ಕನ್ನಡ ಮಾಧ್ಯಮ, ಕಾಲೇಜಿಗೇ ಫಸ್ಟ್. ಈಗ ಮ್ಯಾಕ್ರೋ, ಅಂದರೆ ಸಮಗ್ರ ಅರ್ಥಶಾಸ್ತ್ರದ ಇಂಟರ್ನಲ್ಸ್‌ನಲ್ಲಿ 30ಕ್ಕೆ 9. ಬಡ್ಡಿಗೂ ದೇಶದ ವರಮಾನಕ್ಕೂ ಇರುವ ನಂಟನ್ನು ಎರಡು ಗೆರೆಗಳಲ್ಲಿ ತೋರಿಸುವ ಐಎಸ್-ಎಲ್‌ಎಂ ಚಿತ್ರ ಬಾಯಿಪಾಠ ಮಾಡಿದ್ದೆ. ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದ್ದಕ್ಕೆ ಏನೂ ತೋಚಲಿಲ್ಲ. ಅಪ್ಪನಿಗೆ 24 ಎಂದು ಸುಳ್ಳು ಹೇಳಿದ್ದೇನೆ. ಅವರದು ಕಿರಾಣಿ ಅಂಗಡಿ, ಅದರ ಮೇಲೆ ಬ್ಯಾಂಕ್ ಸಾಲವಿದೆ. ಅವರ ಫೋನ್ ಎತ್ತಲು ಭಯವಾಗುತ್ತದೆ. ಈ ವಿಷಯ ಬಿಟ್ಟುಬಿಡಲೇ?

ಉತ್ತರ: ತಂಗಿ, ಬಿಡುವ ಮಾತು ಈ ಸೆಮಿಸ್ಟರ್ ಮುಗಿಯುವವರೆಗೆ ಬೇಡ. ನಿನಗೆ ಅರ್ಥಶಾಸ್ತ್ರ ಬರುವುದಿಲ್ಲ ಎಂದು ನನಗೆ ಅನ್ನಿಸಲಿಲ್ಲ. ಚಿತ್ರ ಬಾಯಿಪಾಠ ಮಾಡಿದ್ದು ಕೈಕೊಟ್ಟಿದೆ, ಅಷ್ಟೇ.

ಐಎಸ್ ಗೆರೆ ನೋಡಲು ಮೊದಲ ವರ್ಷದ ಬೇಡಿಕೆ ಗೆರೆಯ ಹಾಗೇ ಇರುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಅದು ಬೇಡಿಕೆ ಗೆರೆ ಅಲ್ಲ. ಬಡ್ಡಿ ಇಷ್ಟಿದ್ದರೆ ಸರಕಿನ ಮಾರುಕಟ್ಟೆ ಸರಿದೂಗಲು ವರಮಾನ ಎಷ್ಟಿರಬೇಕು ಎಂದು ಹೇಳುವ ಬಿಂದುಗಳ ಸಾಲು. ಎಲ್‌ಎಂ ಇದನ್ನೇ ಹಣದ ಮಾರುಕಟ್ಟೆಗೆ ಹೇಳುತ್ತದೆ.

ನಿಮ್ಮ ಅಂಗಡಿಯನ್ನೇ ತಗೋ. ಬೆಲೆ ಏರಿಕೆ ತಡೆಯಲು ರಿಸರ್ವ್ ಬ್ಯಾಂಕ್ 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇ 4ರಿಂದ 6.5ಕ್ಕೆ ಏರಿಸಿತು. ಅಪ್ಪನ ಸಾಲ ರೆಪೊಗೆ ಜೋಡಿಸಿದ್ದಾಗಿದ್ದರೆ ಅದರ ಬಡ್ಡಿಯೂ ಏರಿರುತ್ತದೆ. ಅಂಗಡಿಗೆ ಇನ್ನೊಂದು ಫ್ರಿಜ್ ತರುವುದನ್ನು ಅವರು ಮುಂದಕ್ಕೆ ಹಾಕಿದರು ಅಂದುಕೋ. ಅದೇ ಹೂಡಿಕೆ ಇಳಿದದ್ದು. ಫ್ರಿಜ್ ಮಾರುವವನ ವರಮಾನ ಇಳಿಯಿತು, ಅವನೂ ಖರ್ಚಿನಲ್ಲಿ ಕೈ ಬಿಗಿಹಿಡಿದ. ಗುಣಕ ಅಂದರೆ ಇದೇ ಅಲ್ವಾ? ರಿಸರ್ವ್ ಬ್ಯಾಂಕ್ ಹಣ ಬಿಗಿ ಮಾಡಿದ್ದರಿಂದ ಇಲ್ಲಿ ಎಡಕ್ಕೆ ಜರುಗಿದ್ದು ಎಲ್‌ಎಂ ಗೆರೆ. ಐಎಸ್ ಇದ್ದಲ್ಲೇ ಇದೆ, ನಾವು ಅದರ ಮೇಲೆ ಎಡಕ್ಕೆ ನಡೆದೆವು. ಸರ್ಕಾರ ರಸ್ತೆಗೆ ಜಾಸ್ತಿ ದುಡ್ಡು ಸುರಿದರೆ ಆಗ ಐಎಸ್ಸೇ ಬಲಕ್ಕೆ ಜರುಗುತ್ತದೆ. ಚಿತ್ರದ ಎರಡು ಅಕ್ಷಗಳಲ್ಲಿರುವುದು ಬಡ್ಡಿ ಮತ್ತು ವರಮಾನ. ಅವು ಬದಲಾದರೆ ಗೆರೆಯ ಮೇಲಿನ ನಡಿಗೆ. ಅವೆರಡೂ ಅಲ್ಲದ್ದು ಬದಲಾದರೆ ಗೆರೆಯೇ ಜರುಗುತ್ತದೆ. ಪ್ರಶ್ನೆಯನ್ನು ಎಷ್ಟೇ ತಿರುಗಿಸಲಿ, ಮೊದಲು ಇದನ್ನು ನೋಡು.

ಅಂದಹಾಗೆ, ಅರ್ಥಶಾಸ್ತ್ರಜ್ಞ ಹಿಕ್ಸ್ 1937ರಲ್ಲಿ ಈ ಚಿತ್ರ ಬರೆದದ್ದೇ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಕೇನ್ಸ್ ಹಿಂದಿನ ವರ್ಷ ಹೇಳಿದ್ದನ್ನು ಬಿಡಿಸಿಕೊಳ್ಳಲು. ವಯಸ್ಸಾದ ಮೇಲೆ ಹಿಕ್ಸ್ ಅವರೇ ಇದನ್ನು ತರಗತಿಯ ಒಂದು ಸಲಕರಣೆ ಎಂದರು. ನೀನು ಸುಮ್ನೆ ಇದಕ್ಕೆ ಹೆದರಬೇಡ. ಟಿಪ್ಪಣಿ ಕನ್ನಡದಲ್ಲೇ ಬರೆದುಕೋ.

ಇನ್ನು ಆ 24. ಹೇಳಲೇಬೇಕು. ಅಪ್ಪನಿಗೆ ಸಿಟ್ಟು ಬರಬಹುದು, ನನಗಾದರೂ ಬರುತ್ತಿತ್ತು. ಅಂಕ ಕಡಿಮೆ ಬಂತೆಂದು ಅಲ್ಲ, ಫೋನ್ ಎತ್ತದೆ ಇದ್ದದ್ದಕ್ಕೆ. ಮೊದಲು ಒಂಬತ್ತು ಎಂದು ಹೇಳಿಬಿಡು. ಬೈಗುಳ ಮುಗಿಯಲಿ. ಆಮೇಲೆ ಸಾಲದ ಬಡ್ಡಿ ಯಾವಾಗ ಎಷ್ಟು ಏರಿತು, ಆಗ ಅಂಗಡಿಗೆ ಏನು ತರುವುದನ್ನು ನಿಲ್ಲಿಸಿದಿರಿ ಎಂದು ಕೇಳಿ ಬರೆದುಕೋ. ಆ ಹಾಳೆಯನ್ನೇ ಹಿಡಿದುಕೊಂಡು ಮೇಷ್ಟ್ರ ಹತ್ತಿರ ಹೋಗಿ, ಇದನ್ನು ಚಿತ್ರದಲ್ಲಿ ಹೇಗೆ ತೋರಿಸಲಿ ಎಂದು ಕೇಳು.

ಹಗಲು ಗಿರಾಕಿಗಳಿರುತ್ತಾರೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಫೋನ್ ಮಾಡು.