ಯೋಗ ತರಗತಿಯಲ್ಲಿ ಪಕ್ಕದವರ ಮ್ಯಾಟ್ ವಾಸನೆ ಬರುತ್ತೆ: ಹೇಳದೆಯೇ ತಿಳಿಸೋದು ಹೇಗೆ?

ಪಕ್ಕದವರ ಮ್ಯಾಟ್ ನಾರುತ್ತೆ, ಬಾಯಿಬಿಟ್ಟು ಹೇಳಿದರೆ ನೊಂದುಕೊಳ್ಳುತ್ತಾರೆ, ಹೇಳದೆಯೇ ಅವರಿಗೆ ಗೊತ್ತಾಗುವ ಹಾಗೆ ಏನಾದರೂ ಮಾಡಬಹುದಾ ಅಂತ ಕೇಳಿದ್ದೀರಿ. ಆ ‘ಹೇಳದೆಯೇ’ ಅನ್ನೋ ಪದ ಓದಿದ ತಕ್ಷಣ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಹೇಳದೆ ಮಾಡುವ ಉಪಾಯ ಒಂದು ನನಗೂ ಹೊಳೆದಿತ್ತು. ಹೊಳೆದದ್ದಷ್ಟೇ ಅಲ್ಲ, ಮಾಡಿಯೂ ಬಿಟ್ಟೆ.

ನಮ್ಮದು ಬೆಳಗಿನ ಬ್ಯಾಚು. ಹದಿನೆಂಟು ಇಪ್ಪತ್ತು ಜನ, ಹಾಲ್ ಮಾತ್ರ ಹನ್ನೆರಡು ಜನಕ್ಕೆ ಸಾಕಾಗುವಷ್ಟು. ದಿನಾ ಹೊತ್ತು ತರೋದು ಯಾಕೆ ಅಂತ ಎಲ್ಲರೂ ಮ್ಯಾಟನ್ನು ಮೂಲೆಯ ಸ್ಟ್ಯಾಂಡಿನಲ್ಲೇ ಬಿಟ್ಟುಹೋಗುತ್ತಿದ್ದೆವು. ನನ್ನ ಎಡಗಡೆಗೆ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರೊಬ್ಬರು. ಅಕ್ಕಾ ಅಂತಲೇ ಕರೆಯುತ್ತಿದ್ದೆ. ತರಗತಿಯಲ್ಲಿ ಹೇಗಿರಬೇಕು ಅಂತ ನನಗೆ ಏನಾದರೂ ಗೊತ್ತಿದ್ದರೆ ಅದು ಅವರಿಂದಲೇ. ನಾನು ಹೊಸದರಲ್ಲಿ ಮ್ಯಾಟನ್ನು ಪಟಾರ್ ಅಂತ ನೆಲಕ್ಕೆ ಬೀಸಿ ಹಾಸುತ್ತಿದ್ದೆ. ಒಂದು ದಿನ ಅವರು ಏನೂ ಹೇಳದೆ ಇನ್ನೊಂದು ತುದಿ ಹಿಡಿದುಕೊಂಡು ಮೆಲ್ಲಗೆ ಇಳಿಸಿದರು. ಆಮೇಲೆ ನಾನು ಬೀಸಲಿಲ್ಲ. (ಹೌದು, ಅವರೂ ಹೇಳದೆಯೇ ತಿಳಿಸಿದರು. ಆದರೆ ನನ್ನ ಕಣ್ಣೆದುರಿಗೇ ತಿಳಿಸಿದರು. ವ್ಯತ್ಯಾಸ ಮುಂದೆ ಗೊತ್ತಾಗುತ್ತೆ.)

ಕೈ ತಾಗದ ಹಾಗೆ ಹಾಸುವ ಲೆಕ್ಕ ಹೇಳಿಕೊಟ್ಟವರೂ ಅವರೇ. ಸಾಮಾನ್ಯ ಮ್ಯಾಟ್ ಅಗಲ 61 ಸೆಂಟಿಮೀಟರ್, ಉದ್ದ 173. ಮನುಷ್ಯ ಎರಡೂ ಕೈ ಚಾಚಿದರೆ ಹೆಚ್ಚುಕಡಿಮೆ ಅವನ ಎತ್ತರದಷ್ಟೇ ಅಗಲವಾಗುತ್ತಾನೆ. 165 ಸೆಂಟಿಮೀಟರ್ ಎತ್ತರದವರ ಕೈ ಮ್ಯಾಟಿನ ಎರಡೂ ಅಂಚು ದಾಟಿ ಅರ್ಧರ್ಧ ಮೀಟರ್ ಹೊರಗೆ ಬರುತ್ತೆ. ಅಂದರೆ ಪಕ್ಕಪಕ್ಕದ ಇಬ್ಬರ ನಡುವೆ ಒಂದು ಮೀಟರ್ ಜಾಗ ಬೇಕು. ಯಾವ ತರಗತಿಯಲ್ಲಿದೆ ಸ್ವಾಮಿ ಅಷ್ಟು ಜಾಗ? ಅದಕ್ಕೇ ಅಕ್ಕ ತಮ್ಮ ಮ್ಯಾಟನ್ನು ನನ್ನದಕ್ಕಿಂತ ಒಂದು ಮೊಳ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಅವರ ಕೈ ನನ್ನ ಬೆನ್ನ ಹಿಂದೆ, ನನ್ನ ಕೈ ಅವರ ಮೂಗಿನ ಮುಂದೆ. ಕೈ ಚಾಚುವ ಆಸನಗಳಲ್ಲಿ ಮೂರು ವರ್ಷ ಒಂದು ಸಲವೂ ತಾಗಲಿಲ್ಲ.

ಅಂಥವರ ಮ್ಯಾಟು ಒಂದು ಬೆಳಿಗ್ಗೆ ವಾಸನೆ ಹೊಡೆಯಲು ಶುರುವಾಯಿತು.

ಕುಳಿತಾಗ, ನಿಂತಾಗ ಅಷ್ಟಾಗಿ ಇಲ್ಲ. ಮಕರಾಸನದಲ್ಲಿ ಬೋರಲಾಗಿ, ಮುಖ ಎಡಕ್ಕೆ ತಿರುಗಿಸಿ ಮಲಗಿದರೆ ಮಾತ್ರ ಗಮ್ ಅಂತ ಬರೋದು. ಬೆವರು ಒರೆಸಿಲ್ಲ, ಒದ್ದೆಯಲ್ಲೇ ಸುತ್ತಿಟ್ಟಿದ್ದಾರೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಒಂದು ವಾರ ಸಹಿಸಿದೆ. ಆಮೇಲೆ ನಿಮ್ಮ ಹಾಗೇ ಉಪಾಯಗಳಿಗೆ ಇಳಿದೆ. ಮೊದಲು ಕರ್ಚೀಫನ್ನು ಮೂಗಿಗೆ ಹಿಡಿದುಕೊಂಡೆ. ‘ನೆಗಡಿಯಾ? ಇವತ್ತು ಪ್ರಾಣಾಯಾಮ ಜೋರು ಮಾಡಬೇಡಿ’ ಅಂದರು. ಮಾರನೇ ದಿನ ನನ್ನ ಸ್ಪ್ರೇ ಬಾಟಲಿಯನ್ನು ಬೇಕಂತಲೇ ಅವರ ಮ್ಯಾಟಿನ ಪಕ್ಕ ಬಿಟ್ಟುಹೋದೆ. ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಹಿಂದೆಯೇ ಓಡಿಬಂದು ‘ಬಾಟ್ಲಿ ಮರೆತ್ರಲ್ಲ’ ಅಂತ ಕೈಗೆ ಕೊಟ್ಟರು. ಕೊನೆಗೆ ಮೇಷ್ಟ್ರ ಕಿವಿಗೆ ಹಾಕಿದೆ, ಹೆಸರು ಹೇಳದೆ. ಅವರು ತರಗತಿಯ ಕೊನೆಯಲ್ಲಿ ‘ಎಲ್ಲರೂ ಮ್ಯಾಟ್ ಶುಚಿಯಾಗಿಡಿ’ ಅಂದರು. ಮುಂದಿನ ದಿನ ಯಾರು ಮ್ಯಾಟ್ ತಿಕ್ಕುತ್ತಿದ್ದರು ಗೊತ್ತಾ? ಇಡೀ ಬ್ಯಾಚಿನಲ್ಲೇ ಎಲ್ಲರಿಗಿಂತ ಚೊಕ್ಕಟವಾಗಿರುವ ಹುಡುಗ. ಎಲ್ಲರಿಗೂ ಅಂತ ಹೇಳಿದ ಮಾತು ತಲುಪುವುದೇ ಅಂಥವರಿಗೆ. ಅಕ್ಕ ಅವನನ್ನು ನೋಡಿ ಮೆಚ್ಚಿಕೊಂಡು ತಲೆಯಾಡಿಸಿದರು.

ಈಗ ನನ್ನ ತಪ್ಪಿಗೆ ಬರ್ತೀನಿ. ಸ್ವಲ್ಪ ಉದ್ದವಾಗುತ್ತೆ. ಆ ಹತ್ತು ನಿಮಿಷವನ್ನು ನಾನು ಎಷ್ಟು ಸಲ ತಿರುವಿಹಾಕಿದ್ದೀನೋ ಲೆಕ್ಕವಿಲ್ಲ.

ಒಂದು ಶನಿವಾರ ತರಗತಿ ಮುಗಿದು ಎಲ್ಲರೂ ಹೋದರು, ನಾನು ಬೇಕಂತಲೇ ತಡಮಾಡಿದೆ. ಹಾಲ್ ಖಾಲಿಯಾದ ಮೇಲೆ ಸ್ಟ್ಯಾಂಡಿನಿಂದ ಅಕ್ಕನ ಮ್ಯಾಟ್ ತೆಗೆದು, ಬಿಡಿಸಿ, ನನ್ನ ಸ್ಪ್ರೇ ಹೊಡೆದು, ಸುತ್ತಿ ವಾಪಸ್ ಇಟ್ಟೆ. ಅಷ್ಟೇ. ಸಹಾಯ ಮಾಡ್ತಿದ್ದೀನಿ ಅಂತಲೇ ಅಂದುಕೊಂಡಿದ್ದೆ.

ಆ ಸ್ಪ್ರೇ ನಾನೇ ಮಾಡಿಕೊಂಡದ್ದು. ನೀರು, ಸ್ವಲ್ಪ ವಿನೆಗರ್, ಅದಕ್ಕೆ ಟೀ ಟ್ರೀ ಎಣ್ಣೆ. ನನ್ನದು ಪಿವಿಸಿ ಅನ್ನೋ ಪ್ಲಾಸ್ಟಿಕ್ಕಿನ ಮ್ಯಾಟ್, ಮೇಲ್ಮೈ ಮುಚ್ಚಿಕೊಂಡಿರುತ್ತೆ, ದ್ರವ ಒಳಗೆ ಇಳಿಯೋದಿಲ್ಲ. ಒರೆಸಿದರೆ ಮುಗಿಯಿತು. ಎರಡು ವರ್ಷ ಅದರ ಮೇಲೆ ಹೊಡೆದಿದ್ದೆ, ಏನೂ ಆಗಿರಲಿಲ್ಲ. ಹಾಗಾಗಿ ಎಲ್ಲ ಮ್ಯಾಟೂ ಒಂದೇ ಅಂದುಕೊಂಡೆ. ಅಕ್ಕನದು ನೈಸರ್ಗಿಕ ರಬ್ಬರಿನದು. ಮೇಲ್ಮೈಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುವ ಜಾತಿ, ಬೆವರು ಹೀರಿಕೊಂಡು ಒದ್ದೆ ಕೈಗೂ ಹಿಡಿತ ಕೊಡುತ್ತೆ. ಬೆವರು ಹೀರುವಂಥದ್ದು ಎಣ್ಣೆಯನ್ನು ಬಿಡುತ್ತಾ? ಅದೂ ಅಲ್ಲದೆ ರಬ್ಬರಿಗೆ ಎಣ್ಣೆ ಆಗಿಬರೋದಿಲ್ಲ, ಉಬ್ಬಿ ಮೆತ್ತಗಾಗಿ ಹಾಳಾಗುತ್ತೆ. ಬಿಸಿಲಿಗೆ ಹಾಕಿದರೂ ಅಷ್ಟೇ, ಬಿರುಕು ಬಿಡುತ್ತೆ.

ಇದಕ್ಕಿಂತ ದೊಡ್ಡ ದಡ್ಡತನ ಬಾಟಲಿಯಲ್ಲೇ ಇತ್ತು. ಎಣ್ಣೆ ನೀರಿನಲ್ಲಿ ಕರಗೋದಿಲ್ಲ, ಮೇಲೆ ತೇಲುತ್ತೆ, ಅದು ಯಾರಿಗೆ ಗೊತ್ತಿಲ್ಲ. ಸ್ಪ್ರೇ ಬಾಟಲಿಯ ಕೊಳವೆ ಎಳೆಯೋದು ತಳದಿಂದ. ಅಂದರೆ ಪ್ರತಿ ಸಲವೂ ಚೆನ್ನಾಗಿ ಕುಲುಕದಿದ್ದರೆ ತಿಂಗಳಿಡೀ ಬರೀ ನೀರು ವಿನೆಗರ್ ಬರುತ್ತಿರುತ್ತೆ, ಎಣ್ಣೆಯೆಲ್ಲ ಮೇಲೆ ಉಳಿದುಕೊಂಡು ಕೆಳಗಿಳಿಯುತ್ತಾ ಕಾಯುತ್ತಿರುತ್ತೆ. ಆ ಶನಿವಾರ ಬಾಟಲಿಯಲ್ಲಿ ಇದ್ದದ್ದು ತಳದ ಎರಡು ಬೆರಳಷ್ಟು. ಯಾರಾದರೂ ಬಂದುಬಿಟ್ಟಾರು ಅನ್ನೋ ಆತುರದಲ್ಲಿ ಕುಲುಕಲಿಲ್ಲ. ಖಾಲಿಯಾಗುವವರೆಗೂ ಹೊಡೆದೆ. ಕೈ ಇಡುವ ಮುಂಭಾಗಕ್ಕೇ ಹೆಚ್ಚು ಹೊಡೆದೆ, ಯಾಕಂದರೆ ನನ್ನ ಮೂಗಿಗೆ ಹತ್ತಿರ ಇದ್ದದ್ದು ಆ ಭಾಗ. ಒರೆಸಲಿಲ್ಲ. ಒಣಗಲೂ ಬಿಡಲಿಲ್ಲ. ಒದ್ದೆಯಲ್ಲೇ ಸುತ್ತಿಟ್ಟಿದ್ದಾರೆ ಅಂತ ಅವರನ್ನು ವಾರವಿಡೀ ಮನಸ್ಸಿನಲ್ಲೇ ಬೈದಿದ್ದ ನಾನು ಅದನ್ನು ಒದ್ದೆಯಲ್ಲೇ ಸುತ್ತಿಟ್ಟೆ.

ಸೋಮವಾರ ಮೂರನೇ ಸೂರ್ಯನಮಸ್ಕಾರ, ಅಂಗೈ ಪಾದ ಊರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನ. ಎಡಗಡೆಯಿಂದ ಒಂದು ‘ಸರ್’ ಅನ್ನೋ ಸದ್ದು, ಹಿಂದೆಯೇ ‘ದಬ್’. ಅಕ್ಕನ ಎರಡೂ ಕೈ ಮುಂದಕ್ಕೆ ಜಾರಿ, ಬಲಗೈ ಮ್ಯಾಟಿನ ಅಂಚು ದಾಟಿ ನೆಲಕ್ಕೆ ತಿರುಚಿಕೊಂಡಿತ್ತು. ಮಣಿಕಟ್ಟು ನೋಡನೋಡುತ್ತಿದ್ದಂತೆ ಊದಿತು. ಮೇಷ್ಟ್ರು ಮ್ಯಾಟ್ ಮೇಲೆ ಬೆರಳಾಡಿಸಿ ಮೂಸಿ ನೋಡಿ, ‘ಜಿಡ್ಡಿದೆಯಲ್ಲ’ ಅಂದರು. ಅಕ್ಕ, ‘ನಾನು ಬರುವಾಗ ಕೈಗೆ ಕ್ರೀಮ್ ಹಚ್ಚಿದ್ದೆ, ಅದೇ ಇರಬೇಕು’ ಅಂದರು.

ನಾನು ಸುಮ್ಮನಿದ್ದೆ.

ಅವರಿಗೆ ಚಪ್ಪಲಿ ಹಾಕಿಕೊಳ್ಳಲು ಸಹಾಯ ಮಾಡುತ್ತಿದ್ದಾಗ ಅವರೇ ಅಂದರು: ‘ಹಳೇ ಮ್ಯಾಟು ಜಾರ್ತಿತ್ತು ಕಣ್ರೀ, ಅದಕ್ಕೇ ಈ ರಬ್ಬರಿಂದು ತಗೊಂಡೆ. ಇನ್ನೂ ಮೂರು ವಾರ ಆಗಿಲ್ಲ. ಹೊಸದರಲ್ಲಿ ವಾಸನೆ ಬರುತ್ತೆ, ಆಮೇಲೆ ಹೋಗುತ್ತೆ ಅಂತ ಹೇಳಿದ್ರು. ನಿಮಗೇನೂ ತೊಂದ್ರೆ ಆಗ್ಲಿಲ್ಲ ತಾನೇ?’ ಹಳೆಯದೂ ನೀಲಿ, ಹೊಸದೂ ನೀಲಿ. ದಿನಾ ಒಂದು ಮೊಳ ದೂರದಲ್ಲಿ ಮಲಗುವ ನನಗೆ ಅದು ಬೇರೆ ಮ್ಯಾಟು ಅಂತಲೂ ಗೊತ್ತಾಗಿರಲಿಲ್ಲ. ಬೆವರಿನ ವಾಸನೆ ಅಂತ ಮೂರು ಉಪಾಯ ಹೂಡಿದೆನಲ್ಲ, ಅದು ಬರೀ ರಬ್ಬರಿನ ವಾಸನೆ. ಆಗಲೂ ಬಾಯಿ ಬರಲಿಲ್ಲ. ‘ಇಲ್ಲಕ್ಕಾ’ ಅಂದೆ.

ಇವತ್ತಿನ ಈ ಹಿಡಿತದ ಮ್ಯಾಟು ಹುಟ್ಟಿದ್ದೇ ಜಾರದಿರಲಿ ಅಂತ. ಏಂಜೆಲಾ ಫಾರ್ಮರ್ ಅನ್ನೋ ಯೋಗ ಶಿಕ್ಷಕಿಗೆ ಕೈಕಾಲು ಬೆವರುತ್ತಿರಲಿಲ್ಲವಂತೆ, ಒಣಗಿದ ಅಂಗೈ ಅಂಗಾಲು ಹಿಡಿತ ಸಿಗದೆ ನೆಲದ ಮೇಲೆ ಜಾರುತ್ತಿದ್ದವಂತೆ. ಜರ್ಮನಿಯಲ್ಲಿ ಪಾಠ ಮಾಡುತ್ತಿದ್ದಾಗ ಕಾರ್ಪೆಟ್ ಅಡಿಗೆ ಹಾಸುವ ಹಾಳೆಯನ್ನು ಬಳಸಿ ನೋಡಿದರು, ಅಲ್ಲಿಂದ ಶುರು. ಇದನ್ನು ಆ ಘಟನೆಯ ಮೇಲೆ ಓದಿಕೊಂಡೆ. ಓದಿ ಇನ್ನಷ್ಟು ನಾಚಿಕೆಯಾಯಿತು.

ತಪ್ಪೊಪ್ಪಿಕೊಂಡದ್ದು ಇಪ್ಪತ್ತು ದಿನದ ಮೇಲೆ. ಅದೂ ಎದುರಿಗಲ್ಲ, ಮೊಬೈಲ್ ಮೆಸೇಜಿನಲ್ಲಿ, ಉದ್ದಕ್ಕೆ. ‘ಪರವಾಗಿಲ್ಲ’ ಅಂತ ಒಂದೇ ಪದ ಬಂತು. ಕೈ ಸರಿಹೋದ ಮೇಲೆ ಅವರು ಸಂಜೆ ಬ್ಯಾಚಿಗೆ ಹೋದರು. ಸಿಟ್ಟು ಮಾಡಿಕೊಂಡು ಹೋದರು ಅಂತ ನಾನು ಹೇಳಲಾರೆ, ಅವರು ಹಾಗೆ ಹೇಳಲಿಲ್ಲ. ಬಹುಶಃ ಸ್ಪ್ರೇ ಹೊಡೆದದ್ದಕ್ಕಲ್ಲ, ಕ್ರೀಮಿನ ಮೇಲೆ ತಪ್ಪು ಹೊರಿಸಿಕೊಳ್ಳುತ್ತಿದ್ದಾಗ ನಾನು ಪಕ್ಕದಲ್ಲೇ ಬಾಯಿಮುಚ್ಚಿ ನಿಂತದ್ದಕ್ಕೆ.

ಈಗ ನಿಮ್ಮ ವಿಷಯ. ಹೇಳದೆ ತಿಳಿಸುವುದು ಸೌಜನ್ಯ ಅಂತ ನೀವು ಅಂದುಕೊಂಡಿದ್ದೀರಿ. ನಾನು ಒಪ್ಪೋದಿಲ್ಲ. ಅದು ನಮ್ಮ ಅಂಜಿಕೆ, ಅದಕ್ಕೆ ಸೌಜನ್ಯದ ಹೆಸರು ಕೊಟ್ಟುಕೊಂಡಿರ್ತೀವಿ ಅಷ್ಟೇ. ಜಾಗ ಬದಲಿಸಲಾ ಅಂತಲೂ ಕೇಳಿದ್ದೀರಿ. ಬದಲಿಸಿ, ಯಾರು ಬೇಡ ಅಂದರು, ಆದರೆ ಕಾರಣ ಹೇಳಿ ಬದಲಿಸಿ. ಮೂರು ತಿಂಗಳು ಪಕ್ಕದಲ್ಲಿದ್ದವರು ಇದ್ದಕ್ಕಿದ್ದಂತೆ ಮೂಲೆಗೆ ಹೋದರೆ ಅವರೇನು ಅಂದುಕೊಳ್ಳಬೇಕು?

ಮೊದಲು ಅದು ಬೆವರಿನ ವಾಸನೆಯೇ ಅಂತ ನಿಮಗೆ ಹೇಗೆ ಗೊತ್ತು? ಕೇಳಿ. ತರಗತಿ ಮುಗಿದು ಮ್ಯಾಟ್ ಸುತ್ತುವಾಗ, ಅಕ್ಕಪಕ್ಕ ಯಾರೂ ಇಲ್ಲದಾಗ, ‘ಮ್ಯಾಟ್ ಹೊಸದಾ? ಒಂಥರಾ ವಾಸನೆ ಬರ್ತಿದೆ, ನನಗೆ ತಲೆನೋವು ಬರುತ್ತೆ’ ಅನ್ನಿ, ಸಾಕು. ಪೀಠಿಕೆ ಬೇಡ, ‘ತಪ್ಪು ತಿಳ್ಕೋಬೇಡಿ’ ಅಂತ ಶುರುಮಾಡಬೇಡಿ, ಆ ಮಾತು ಕೇಳಿದವರು ತಪ್ಪು ತಿಳಿದುಕೊಳ್ಳಲು ತಯಾರಾಗಿಯೇ ಕೂರುತ್ತಾರೆ. ಹೊಸ ರಬ್ಬರ್ ಆಗಿದ್ದರೆ ಮನೆಯಲ್ಲಿ ನೆರಳಲ್ಲಿ, ಗಾಳಿಯಾಡುವ ಕಡೆ ಕೆಲವು ದಿನ ಬಿಚ್ಚಿಡಲಿ. ಬೆವರೇ ಆಗಿದ್ದರೆ ನೀರಿಗೆ ಎರಡು ಹನಿ ಮೆದು ಸೋಪು ಹಾಕಿ, ಬಟ್ಟೆ ಹಿಂಡಿ ಒರೆಸಿ, ಪೂರ್ತಿ ಒಣಗಿಸಿ ಸುತ್ತಿದರೆ ಮುಗಿಯುತ್ತೆ. ಸುತ್ತುವ ಮೊದಲು ಮುಖ ಇಡುವ ಮಗ್ಗುಲು ಒಳಗೆ ಬರುವ ಹಾಗೆ ಅರ್ಧಕ್ಕೆ ಮಡಚಿಕೊಂಡರೆ ಇನ್ನೂ ಒಳ್ಳೆಯದು. ನೇರವಾಗಿ ಸುತ್ತಿದರೆ ನೆಲದ ಧೂಳೆಲ್ಲ ಮುಖ ಇಡುವ ಕಡೆಗೇ ಅಂಟುತ್ತೆ. ಇದನ್ನು ನಾನು ಕಂಡ ತರಗತಿಗಳಲ್ಲಿ ಹತ್ತಕ್ಕೆ ಒಂಬತ್ತು ಜನ ಮಾಡೋದಿಲ್ಲ.

ಯಾರ ಮ್ಯಾಟನ್ನೂ ಅವರಿಲ್ಲದಾಗ ಮುಟ್ಟಬೇಡಿ. ಸರಿಸೋದಕ್ಕೂ ಬೇಡ, ತುಳಿದು ದಾಟೋದಂತೂ ಬೇಡವೇ ಬೇಡ. ಮುಖ ಇಟ್ಟು ಮಲಗುವ ಜಾಗ ಅದು. ನಿಮ್ಮದನ್ನು ಬೇರೆಯವರಿಗೆ ಕೊಡುವಾಗಲೂ ರಬ್ಬರಿನದಾದರೆ ಒಂದು ಮಾತು ಹೇಳಿ ಕೊಡಿ, ಲ್ಯಾಟೆಕ್ಸ್, ಅಂದರೆ ರಬ್ಬರ್ ಹಾಲಿನ ಅಲರ್ಜಿ ಇರುವವರಿಗೆ ಚರ್ಮ ದದ್ದೇಳಬಹುದು. ತರಗತಿಯವರೇ ಇಟ್ಟಿರುವ ಮ್ಯಾಟ್ ಬಳಸುವವರು ಮೇಲೊಂದು ಟವೆಲ್ ಹಾಸಿಕೊಂಡರೆ ಚೆನ್ನ, ಕಾಲಿನ ಫಂಗಸ್ಸು ಒದ್ದೆ ಮ್ಯಾಟಿನಿಂದ ಹರಡಬಹುದು. ಘಮಘಮ ಸ್ಪ್ರೇ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ. ಹಾಲ್‌ನಲ್ಲಿ ಉಬ್ಬಸದವರೊಬ್ಬರಿದ್ದರೂ ಸಾಕು, ಇಡೀ ಪ್ರಾಣಾಯಾಮ ಕೆಟ್ಟಹಾಗೆ.

ನಮ್ಮ ಮೇಷ್ಟ್ರು ಗೀತೆಯ ಆರನೇ ಅಧ್ಯಾಯದ 11ನೇ ಶ್ಲೋಕ ಹೇಳುತ್ತಿದ್ದರು, ‘ಶುಚೌ ದೇಶೇ ಪ್ರತಿಷ್ಠಾಪ್ಯ ಸ್ಥಿರಮಾಸನಮಾತ್ಮನಃ’ ಅಂತ. ಶುಚಿಯಾದ ಜಾಗದಲ್ಲಿ, ಅಲುಗಾಡದ, ತನ್ನದೇ ಆಸನ. ನಾನು ‘ಶುಚಿ’ ಒಂದನ್ನೇ ಹಿಡಿದುಕೊಂಡು ಕೂತೆ. ‘ತನ್ನದೇ’ ಅನ್ನೋದು ಕಿವಿಗೆ ಬೀಳಲೇ ಇಲ್ಲ. ‘ಅಲುಗಾಡದ’ ಅನ್ನೋದನ್ನಂತೂ ನಾನೇ ಕೈಯಾರೆ ಹಾಳುಮಾಡಿದೆ.

ಅಕ್ಕ ಆ ಮ್ಯಾಟನ್ನು ಎಸೆದುಬಿಟ್ಟರು. ಅದೇ ರಬ್ಬರಿನ, ಅದೇ ನೀಲಿಯ ಇನ್ನೊಂದನ್ನು ತಂದು ಸಂಜೆ ಬ್ಯಾಚಿಗೆ ಹೋಗಿ ಅವರ ಕೈಗೇ ಕೊಟ್ಟೆ. ಬೇಡ ಅನ್ನಲಿಲ್ಲ, ತಗೊಂಡರು. ಈಗಲೂ ಸ್ಟ್ಯಾಂಡಿನ ಕೆಳಗಿನ ಸಾಲಿನಲ್ಲಿರುತ್ತೆ. ಬೆಳಿಗ್ಗೆ ನನ್ನದನ್ನು ತೆಗೆಯಲು ಬಗ್ಗಿದಾಗ ಮೊದಮೊದಲು ಅದರ ವಾಸನೆ ಮೂಗಿಗೆ ಬಡಿಯುತ್ತಿತ್ತು. ಒಂದೂವರೆ ತಿಂಗಳಿಗೆ ತಾನಾಗಿಯೇ ಹೋಯಿತು.